ಚಾರ್ಜೇ ಬೇಡದ ಕಾರು: ಮೊದಲು ಲೆಕ್ಕ ಕೇಳಿ

'ಪೆಟ್ರೋಲ್ ಬೇಡ, ಕರೆಂಟ್ ಬೇಡ. ಓಡುತ್ತಾ ಓಡುತ್ತಾ ತಾನೇ ಚಾರ್ಜ್ ಆಗುವ ಕಾರು!' ಇಂತಹ ವೀಡಿಯೊ ನಿಮ್ಮ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಒಮ್ಮೆಯಾದರೂ ಬಂದಿರುತ್ತದೆ. ದುಬೈಯಲ್ಲಿರುವ ಅಳಿಯ ಕಳುಹಿಸುತ್ತಾನೆ. ಊರಿನಲ್ಲಿರುವ ಮಾವ 'ಮಾಶಾ ಅಲ್ಲಾಹ್' ಎಂದು ಬರೆಯುತ್ತಾರೆ. ಅರ್ಧ ಗಂಟೆಯಲ್ಲಿ ಅದು ಇನ್ನೂ ನಾಲ್ಕು ಗ್ರೂಪಿಗೆ ಹೋಗಿರುತ್ತದೆ.

ನೋಡಿ ಖುಷಿಪಟ್ಟು ಬಿಟ್ಟರೆ ನಷ್ಟವೇನೂ ಇಲ್ಲ. ಆದರೆ ಕೆಲವೊಮ್ಮೆ ಹಿಂದೆಯೇ ಇನ್ನೊಂದು ಮೆಸೇಜ್ ಬರುತ್ತದೆ. 'ಡೀಲರ್‌ಶಿಪ್ ಉಂಟು, ಮೊದಲು ಬಂದವರಿಗೆ ಮಾತ್ರ. ಇಷ್ಟು ಲಕ್ಷ ಹಾಕಿದರೆ ಸಾಕು.' ಅಥವಾ, 'ನಿಮ್ಮ ಹಳೆಯ ಸ್ಕೂಟರಿಗೆ ಈ ಕಿಟ್ ಹಾಕಿಸಿ, ಜೀವಮಾನದಲ್ಲಿ ಚಾರ್ಜ್ ಮಾಡುವುದೇ ಬೇಡ.' ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಬಂದು ಏನಾದರೊಂದು ವ್ಯಾಪಾರ ಮಾಡೋಣ ಎಂದು ಕೂತಿರುವವನಿಗೆ ಇದು ಒಳ್ಳೆಯ ಅವಕಾಶದಂತೆಯೇ ಕಾಣುತ್ತದೆ. ಕೆಲವು ಮನೆಗಳಲ್ಲಿ ಉಮ್ಮನ ಬಳೆಯೂ ಬ್ಯಾಂಕಿಗೆ ಹೋಗುತ್ತದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ, ಲೆಕ್ಕ ಹಾಕಿ ನೋಡೋಣ.

ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಎಂದು ಹಿರಿಯರು ಹೇಳುತ್ತಾರೆ. ವ್ಯಾಪಾರ ಗೊತ್ತಿದ್ದವರಿಗೆ ಈ ಕಾರನ್ನು ಅರ್ಥ ಮಾಡಿಕೊಳ್ಳಲು ಇಂಜಿನಿಯರಿಂಗ್ ಡಿಗ್ರಿ ಬೇಡ. ಬಲಗಿಸೆಯ ಹಣವನ್ನು ಎಡಗಿಸೆಗೆ ಹಾಕಿದರೆ ಲಾಭ ಆಗುತ್ತದಾ? ಇಲ್ಲ. ನಡುವೆ ಒಬ್ಬ ದಲ್ಲಾಳಿ ಕೂತು ಪ್ರತಿ ಸಲ ಕಮಿಷನ್ ತೆಗೆದರೆ? ಎರಡೂ ಕಿಸೆ ಖಾಲಿ ಆಗುತ್ತದೆ. ತಾನೇ ಚಾರ್ಜ್ ಆಗುವ ಕಾರಿನ ಕಥೆ ಇಷ್ಟೇ.

ಸೈಕಲ್ ಡೈನಮೊ ಹೇಳಿದ್ದು

ಹಿಂದೆ ಸೈಕಲ್‌ಗಳಿಗೆ ಡೈನಮೊ ಇರುತ್ತಿತ್ತು. ಮಗ್ರಿಬ್ ಕಳೆದ ಮೇಲೆ ಮನೆಗೆ ಬರುವಾಗ ಅದನ್ನು ಚಕ್ರಕ್ಕೆ ತಾಗಿಸಿದರೆ ಲೈಟ್ ಉರಿಯುತ್ತಿತ್ತು. ಆದರೆ ತಾಗಿಸಿದ ಕೂಡಲೇ ಪೆಡಲ್ ಭಾರವಾಗುತ್ತಿತ್ತು. ಆ ಬೆಳಕು ಪುಕ್ಕಟೆ ಬಂದದ್ದಲ್ಲ, ನಮ್ಮ ಕಾಲಿನಿಂದ ಬಂದದ್ದು.

ಎಲೆಕ್ಟ್ರಿಕ್ ಕಾರಿನ ಚಕ್ರಕ್ಕೆ ಜನರೇಟರ್ ಕಟ್ಟಿದರೂ ಆಗುವುದು ಅದೇ. ಚಕ್ರ ತಿರುಗಿಸುವುದು ಮೋಟರ್, ಮೋಟರಿಗೆ ಕರೆಂಟ್ ಕೊಡುವುದು ಬ್ಯಾಟರಿ. ತುಂಬಾ ಒಳ್ಳೆಯ ಯಂತ್ರ ಎಂದೇ ಇಟ್ಟುಕೊಳ್ಳಿ. ಬ್ಯಾಟರಿಯಿಂದ 100 ಯುನಿಟ್ ಹೊರಟರೆ ಮೋಟರ್ ದಾಟುವಾಗ ಸುಮಾರು 90 ಉಳಿಯುತ್ತದೆ. ಅಷ್ಟನ್ನೂ ಜನರೇಟರಿಗೇ ಕೊಟ್ಟರೆ ಅಲ್ಲಿ ಸುಮಾರು 80 ಆಗುತ್ತದೆ. ಮತ್ತೆ ಬ್ಯಾಟರಿಯೊಳಗೆ ತುಂಬುವಾಗ 75ರ ಆಸುಪಾಸಿಗೆ ಬರುತ್ತದೆ. ಉಳಿದದ್ದೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಗಮನಿಸಿ, ಇಷ್ಟು ಹೊತ್ತಿಗೆ ಕಾರು ಒಂದು ಅಡಿ ಕೂಡ ಮುಂದೆ ಹೋಗಿಲ್ಲ! ಹೋಗಬೇಕಾದರೆ ಅದಕ್ಕೆ ಬೇರೆಯೇ ಕರೆಂಟ್ ಬೇಕು. ಅಂದರೆ ಜನರೇಟರ್ ಕಟ್ಟಿದ ಕಾರು ಕಟ್ಟದ ಕಾರಿಗಿಂತ ಬೇಗ ನಿಲ್ಲುತ್ತದೆ.

ಕಾರಿನ ಮೇಲೆ ಫ್ಯಾನ್ ಇಟ್ಟು ಎದುರುಗಾಳಿಯಿಂದ ಕರೆಂಟ್ ಮಾಡುವ ವೀಡಿಯೊಗಳೂ ಇವೆ. ಆ ಗಾಳಿಯನ್ನು ಸೀಳಿಕೊಂಡು ಹೋಗುವುದು ಕಾರೇ. ಫ್ಯಾನ್ ಇಟ್ಟರೆ ಸೀಳುವುದು ಇನ್ನಷ್ಟು ಕಷ್ಟ. ಇಲ್ಲೂ ಡೈನಮೊ ಲೆಕ್ಕವೇ.

ನಮ್ಮ ಮನೆಗಳ ಬಾವಿ-ಟ್ಯಾಂಕಿಯ ಉದಾಹರಣೆಯನ್ನೂ ತೆಗೆದುಕೊಳ್ಳಬಹುದು. ಪಂಪ್ ಬಾವಿಯಿಂದ ನೀರೆತ್ತಿ ಟ್ಯಾಂಕಿಗೆ ಹಾಕುತ್ತದೆ. ಆ ನೀರನ್ನು ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸಿ, ಬಂದ ಕರೆಂಟಿನಿಂದಲೇ ಪಂಪ್ ಓಡಿಸಬಹುದಲ್ಲ ಎಂದು ಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದರಲ್ಲೂ ನೀರನ್ನು ಮೇಲೆತ್ತಿ ಮತ್ತೆ ಕೆಳಗೆ ಬಿಡುವುದೇ ಕೆಲಸ. ಇಂತಹ ಯೋಜನೆಗಳಲ್ಲಿ 100 ಯುನಿಟ್ ಹಾಕಿದರೆ ಮರಳಿ ಸಿಗುವುದು 75ರಿಂದ 80. ಇದನ್ನು ಇಂಜಿನಿಯರುಗಳೇ ಹೇಳುತ್ತಾರೆ. ಕರೆಂಟ್ ಹೆಚ್ಚಿರುವ ಹೊತ್ತಿನಲ್ಲಿ ಕೂಡಿಟ್ಟು ಬೇಕಾದಾಗ ಬಳಸಲು ಇದು ಗೋದಾಮಿನ ಹಾಗೆ. ಗೋದಾಮಿನಲ್ಲಿ ಅಕ್ಕಿ ಬೆಳೆಯುವುದಿಲ್ಲ. ಸಾವಿರಾರು ಕೋಟಿಯ ಯಂತ್ರಕ್ಕೆ ಆಗದ್ದು ಒಂದು ಕಿಟ್‌ಗೆ ಹೇಗೆ ಆಗುತ್ತದೆ ಮಾರಾಯ್ರೆ?

ದುಬೈಯ ಆನೆ ಗಡಿಯಾರ

ದುಬೈಯ ಇಬ್ನ್ ಬತೂತ ಮಾಲ್‌ಗೆ ಹೋದವರು ಅಲ್ಲಿ ಒಂದು ದೊಡ್ಡ ಆನೆ ಗಡಿಯಾರ ನೋಡಿರುತ್ತಾರೆ. ಫೋಟೊವನ್ನೂ ತೆಗೆದಿರುತ್ತಾರೆ. ಅದರ ಮೂಲ ವಿನ್ಯಾಸ ಅಲ್-ಜಝರಿ ಎಂಬ ಮಹಾ ಕುಶಲಿಯದ್ದು. ಈಗಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರಸರ ಬಳಿ ಕೆಲಸ ಮಾಡುತ್ತಿದ್ದ ಅವರು 1206ರಲ್ಲಿ ಪೂರ್ತಿ ಮಾಡಿದ ಯಂತ್ರಗಳ ಪುಸ್ತಕದಲ್ಲಿ ಇದರ ಚಿತ್ರ ಮತ್ತು ವಿವರ ಇದೆ.

ಆನೆಯ ಹೊಟ್ಟೆಯೊಳಗೆ ನೀರಿನ ತೊಟ್ಟಿ. ಅದರಲ್ಲಿ ತೇಲುವ ಒಂದು ಬಟ್ಟಲು, ಬಟ್ಟಲಿನ ಬುಡದಲ್ಲಿ ಸಣ್ಣ ತೂತು. ನೀರು ಮೆಲ್ಲ ತುಂಬಿ ಅರ್ಧ ಗಂಟೆಗೆ ಬಟ್ಟಲು ಮುಳುಗುತ್ತದೆ. ಮುಳುಗುವಾಗ ಹಗ್ಗ ಎಳೆದು ಮೇಲಿನ ಗೋಪುರದಿಂದ ಒಂದು ಲೋಹದ ಗುಂಡನ್ನು ಬೀಳಿಸುತ್ತದೆ. ಗುಂಡು ಸರ್ಪದ ಬಾಯಿಗೆ ಬೀಳುತ್ತದೆ, ಸರ್ಪ ಭಾರಕ್ಕೆ ಕೆಳಗೆ ಬಾಗುತ್ತದೆ, ಬಾಗುವಾಗ ಮುಳುಗಿದ ಬಟ್ಟಲನ್ನು ಮತ್ತೆ ಮೇಲೆತ್ತುತ್ತದೆ. ಬಟ್ಟಲು ಖಾಲಿಯಾಗಿ ತೇಲುತ್ತದೆ, ಪುನಃ ತುಂಬಲು ಶುರುವಾಗುತ್ತದೆ. ನೋಡುವವನಿಗೆ ಗಡಿಯಾರ ತನಗೆ ತಾನೇ ಕೀ ಕೊಟ್ಟುಕೊಳ್ಳುತ್ತಿದೆ ಎನಿಸುತ್ತದೆ.

ಆದರೆ ಗೋಪುರದಲ್ಲಿ ಗುಂಡುಗಳು ಇರುವಷ್ಟು ಹೊತ್ತು ಮಾತ್ರ ಅದು ನಡೆಯುತ್ತದೆ. ಗುಂಡು ಮುಗಿದರೆ ಗಡಿಯಾರ ನಿಂತಿತು. ಯಾರಾದರೂ ಮನುಷ್ಯ ಆ ಗುಂಡುಗಳನ್ನು ಹೆಕ್ಕಿ ಮತ್ತೆ ಮೇಲೆ ತುಂಬಬೇಕು. ಆ ಗಡಿಯಾರದ ಪೆಟ್ರೋಲ್ ಅಂದರೆ ಅವನ ಕೈಯ ಶ್ರಮ. ಎಂಟುನೂರು ವರ್ಷ ಹಿಂದಿನ ಆ ಕುಶಲಿ ಇದನ್ನು ಮುಚ್ಚಿಡಲಿಲ್ಲ. ಗುಂಡು ಎಲ್ಲಿ ತುಂಬಬೇಕು ಎಂದು ಚಿತ್ರ ಬರೆದೇ ತೋರಿಸಿದರು.

ಆದ್ದರಿಂದ ಯಾವ ಯಂತ್ರ ನೋಡಿದರೂ ಕೇಳಬೇಕಾದ ಪ್ರಶ್ನೆ ಒಂದೇ: ಗುಂಡು ತುಂಬುವವರು ಯಾರು? ಪ್ರಾಮಾಣಿಕ ಯಂತ್ರಕ್ಕೆ ಉತ್ತರ ಇರುತ್ತದೆ. ಮೋಸದ ಯಂತ್ರದಲ್ಲಿ ಉತ್ತರವನ್ನು ಅಡಗಿಸಿಟ್ಟಿರುತ್ತಾರೆ.

ಅಟ್ಟದ ಮೇಲೆ ಕೂತಿದ್ದ ಮುದುಕ

ಅಡಗಿಸಿಟ್ಟ ಉತ್ತರಕ್ಕೆ ಹಳೆಯ ಉದಾಹರಣೆ ಅಮೆರಿಕದ್ದು. 1812ರಲ್ಲಿ ಚಾರ್ಲ್ಸ್ ರೆಡ್‌ಹೆಫರ್ ಎಂಬಾತ ಫಿಲಡೆಲ್ಫಿಯಾದಲ್ಲಿ ನಿಲ್ಲದೆ ತಿರುಗುವ ಯಂತ್ರ ಇಟ್ಟು ಟಿಕೆಟ್ ಹಾಕಿ ಜನರಿಗೆ ತೋರಿಸಿದ. ಪರೀಕ್ಷಿಸಲು ಬಂದವರು ಹಲ್ಲುಚಕ್ರದ ಹಲ್ಲುಗಳು ತಪ್ಪು ಬದಿಯಲ್ಲಿ ಸವೆದಿರುವುದನ್ನು ನೋಡಿದರು. ಅಂದರೆ ಯಂತ್ರ ಬೇರೆಯದನ್ನು ತಿರುಗಿಸುತ್ತಿರಲಿಲ್ಲ, ಬೇರೆಯದೇ ಯಂತ್ರವನ್ನು ತಿರುಗಿಸುತ್ತಿತ್ತು. ಅಲ್ಲಿಂದ ಅವನು ನ್ಯೂಯಾರ್ಕಿಗೆ ಹೋದ. 1813ರಲ್ಲಿ ಅದನ್ನು ನೋಡಲು ಬಂದವರು ಹಬೆ ದೋಣಿ ಖ್ಯಾತಿಯ ರಾಬರ್ಟ್ ಫುಲ್ಟನ್. ಯಂತ್ರ ಒಂದೇ ವೇಗದಲ್ಲಿ ತಿರುಗುತ್ತಿಲ್ಲ, ಯಾರೋ ಕೈಯಲ್ಲಿ ತಿರುಗಿಸಿದ ಹಾಗೆ ಕೇಳುತ್ತದೆ ಎಂದು ಅವರಿಗೆ ಅನಿಸಿತು. ಗೋಡೆಗೆ ತಾಗಿದ್ದ ಮರದ ಪಟ್ಟಿ ಕಿತ್ತರು. ಒಳಗೆ ಕರುಳಿನ ಹುರಿಯ ಬೆಲ್ಟ್. ಅದರ ಜಾಡು ಹಿಡಿದು ಹೋದರೆ ಅಟ್ಟದ ಮೇಲೆ ಒಬ್ಬ ಗಡ್ಡದ ಮುದುಕ ರೊಟ್ಟಿ ಅಗಿಯುತ್ತಾ ಹ್ಯಾಂಡಲ್ ತಿರುಗಿಸುತ್ತಿದ್ದ!

ಇಂತಹ ಅರ್ಜಿಗಳನ್ನು ನೋಡಿ ನೋಡಿ ಸಾಕಾದ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ 1775ರಲ್ಲೇ, ನಿಲ್ಲದೆ ಚಲಿಸುವ ಯಂತ್ರದ ಯಾವ ಪ್ರಸ್ತಾವವನ್ನೂ ಇನ್ನು ಪರಿಶೀಲಿಸುವುದಿಲ್ಲ ಎಂದು ತೀರ್ಮಾನಿಸಿತ್ತು. ಕನಸು ಕಂಡವರೆಲ್ಲ ಮೋಸಗಾರರಲ್ಲ ಎಂಬುದೂ ನಿಜ. 12ನೇ ಶತಮಾನದ ನಮ್ಮ ಭಾಸ್ಕರಾಚಾರ್ಯರೂ ಪಾದರಸ ತುಂಬಿದ ಕಡ್ಡಿಗಳ ಚಕ್ರವೊಂದು ತಾನೇ ತಿರುಗುತ್ತದೆ ಎಂದು ಬರೆದಿದ್ದರು. ಶಕ್ತಿಯನ್ನು ಸೃಷ್ಟಿಸಲಾಗದು, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಬಹುದು ಅಷ್ಟೇ ಎಂಬ ನಿಯಮ ಗಟ್ಟಿಯಾದದ್ದು 1840ರ ದಶಕದಲ್ಲಿ. ಅದಕ್ಕೂ ಮುಂಚಿನವರು ಪ್ರಯತ್ನಿಸಿದ್ದರಲ್ಲಿ ತಪ್ಪಿಲ್ಲ. ಈಗ ಅದನ್ನೇ ತೋರಿಸಿ ಹಣ ಕೇಳುವುದು ಬೇರೆ ವಿಷಯ.

ನಮ್ಮ ಕಾಲದಲ್ಲೂ ಇಂತಹವರಿಗೆ ಕೊರತೆ ಇಲ್ಲ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ನೀರಿಗೆ ಗಿಡಮೂಲಿಕೆ ಹಾಕಿ ಪೆಟ್ರೋಲ್ ಮಾಡುತ್ತೇನೆ ಎಂದಾಗ ದೇಶವೇ ತಿರುಗಿ ನೋಡಿತ್ತು. ಕೊನೆಗೆ ಸಿಬಿಐ ತನಿಖೆಯಾಯಿತು. ಅವರು ಮಾರಿದ್ದು ಮೂಲಿಕೆಯ ಪೆಟ್ರೋಲ್ ಅಲ್ಲ, ಪೆಟ್ರೋಲಿಯಂ ಉತ್ಪನ್ನಗಳ ಮಿಶ್ರಣ ಎಂದಾಗಿ 2016ರಲ್ಲಿ ಚೆನ್ನೈ ನ್ಯಾಯಾಲಯ ಮೂರು ವರ್ಷ ಶಿಕ್ಷೆ ವಿಧಿಸಿತು. ಅದೇ 1996ರಲ್ಲಿ ಅಮೆರಿಕದ ಒಹಾಯೊದಲ್ಲಿ, ನೀರಿನಿಂದ ಓಡುವ ಕಾರು ಎಂದು ಹೆಸರು ಮಾಡಿದ್ದ ಸ್ಟಾನ್ಲಿ ಮೇಯರ್ ವಿರುದ್ಧ ಹಣ ಹಾಕಿದ ಇಬ್ಬರು ಕೋರ್ಟಿಗೆ ಹೋದರು. ತಜ್ಞರು ಬಿಚ್ಚಿ ನೋಡಿದಾಗ ಒಳಗೆ ಹೊಸತೇನೂ ಇರಲಿಲ್ಲ. ಕೋರ್ಟ್ ಇದು ವಂಚನೆ ಎಂದು ಹೇಳಿ 25,000 ಡಾಲರ್ ಹಿಂದಿರುಗಿಸಲು ಆದೇಶಿಸಿತು. ಆ ಕಾರಿನ ವೀಡಿಯೊ ಇಂದಿಗೂ ಫಾರ್ವರ್ಡ್ ಆಗುತ್ತದೆ, ಕೋರ್ಟ್ ತೀರ್ಪು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

2025ರ ಆರಂಭದಲ್ಲಿ ಹರಡಿದ್ದು ಜಿಂಬಾಬ್ವೆಯ ಮ್ಯಾಕ್ಸ್‌ವೆಲ್ ಚಿಕುಂಬುಟ್ಸೊ ಅವರ ಕಾರು. ಗಾಳಿಯಲ್ಲಿರುವ ರೇಡಿಯೊ ಅಲೆಗಳಿಂದಲೇ ಕರೆಂಟ್, ಚಾರ್ಜ್ ಬೇಡ ಎಂದರು. ಆ ದೇಶದ ಅಧ್ಯಕ್ಷರೇ ಅದನ್ನು ನೋಡಿ ಮೆಚ್ಚಿದರು. ಲೆಕ್ಕ ಹಾಕಿ ನೋಡಿ. ಹೆದ್ದಾರಿಯಲ್ಲಿ ಓಡುವ ಸಾಮಾನ್ಯ ಎಲೆಕ್ಟ್ರಿಕ್ ಕಾರಿಗೆ 10ರಿಂದ 15 ಕಿಲೋವ್ಯಾಟ್ ಬೇಕು. ನಮ್ಮ ಸುತ್ತ ಹರಡಿರುವ ರೇಡಿಯೊ ಅಲೆಗಳಿಂದ ಒಂದು ಆಂಟೆನಾಕ್ಕೆ ಸಿಗುವುದು ಸಾಮಾನ್ಯವಾಗಿ ಒಂದು ಮಿಲಿವ್ಯಾಟ್‌ಗೂ ಕಡಿಮೆ. ಹನಿ ನೀರಾವರಿಯ ಪೈಪಿನಿಂದ ನೇತ್ರಾವತಿ ತುಂಬಿಸಿದ ಹಾಗೆ. ದೊಡ್ಡವರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರೆ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ಶೋರೂಮಿನ 'ಸೆಲ್ಫ್ ಚಾರ್ಜಿಂಗ್'?

'ದೊಡ್ಡ ಕಂಪೆನಿಯೇ ಸೆಲ್ಫ್ ಚಾರ್ಜಿಂಗ್ ಎಂದು ಜಾಹೀರಾತು ಹಾಕುತ್ತದಲ್ಲ' ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಟೊಯೋಟಾದ ಹೈಬ್ರಿಡ್ ಕಾರುಗಳಿಗೆ ಆ ಹೆಸರಿದೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಹೈರೈಡರ್, ಇನ್ನೋವಾ ಹೈಕ್ರಾಸ್‌ಗಳಲ್ಲೂ ಇದೇ ತಂತ್ರಜ್ಞಾನ ಉಂಟು. ಅವು ಮೋಸದ ಕಾರುಗಳಲ್ಲ, ಪೆಟ್ರೋಲನ್ನು ಚೆನ್ನಾಗಿಯೇ ಉಳಿಸುತ್ತವೆ. ಆದರೆ ಅವುಗಳ ಬ್ಯಾಟರಿಗೆ ಕರೆಂಟ್ ಬರುವುದು ಪೆಟ್ರೋಲ್ ಇಂಜಿನಿನಿಂದ ಮತ್ತು ಬ್ರೇಕ್ ಹಾಕುವಾಗ ಸಿಗುವ ಶಕ್ತಿಯಿಂದ. ಪ್ಲಗ್ ಹಾಕುವುದು ಬೇಡ ಎಂಬುದಷ್ಟೇ ಆ ಮಾತಿನ ಅರ್ಥ. ಟ್ಯಾಂಕಿಗೆ ಪೆಟ್ರೋಲ್ ಹಾಕಲೇಬೇಕು. ನಾರ್ವೆಯ ಗ್ರಾಹಕ ಪ್ರಾಧಿಕಾರ 2020ರಲ್ಲಿ ಈ ಜಾಹೀರಾತನ್ನು ದಾರಿ ತಪ್ಪಿಸುವಂತಹದ್ದು ಎಂದಿತು. ಕರೆಂಟ್ ಪುಕ್ಕಟೆ ಸಿಗುತ್ತದೆ ಎಂಬ ಭಾವನೆ ಗ್ರಾಹಕನಲ್ಲಿ ಬರುತ್ತದೆ ಎಂಬುದೇ ಅವರ ಆಕ್ಷೇಪ.

ಬ್ರೇಕ್‌ನಿಂದ ಬರುವ ಶಕ್ತಿಯೂ ಹೊಸ ಸಂಪಾದನೆಯಲ್ಲ, ಖರ್ಚಾದದ್ದರಲ್ಲಿ ಸ್ವಲ್ಪ ವಾಪಸ್. ಶಿರಾಡಿ ಘಾಟಿ ಇಳಿಯುವಾಗ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಏರುವುದು ನಿಜ. 1,500 ಕಿಲೊ ತೂಕದ ಕಾರು 800 ಮೀಟರ್ ಕೆಳಗಿಳಿದರೆ ಒಟ್ಟು ಸಿಗಬಹುದಾದ ಶಕ್ತಿ ಸುಮಾರು 3.3 ಯುನಿಟ್. ಬ್ಯಾಟರಿಗೆ ಮುಟ್ಟುವುದು ಹೆಚ್ಚೆಂದರೆ ಎರಡು ಯುನಿಟ್. ಹತ್ತು-ಹದಿನೈದು ಕಿಲೋಮೀಟರ್ ಓಡಿಸಬಹುದು. ವಾಪಸ್ ಘಾಟಿ ಹತ್ತುವಾಗ ಆ 3.3 ಯುನಿಟ್ ಜೊತೆಗೆ ಇನ್ನಷ್ಟು ಸೇರಿಸಿ ಕೊಡಬೇಕು.

ಇಲ್ಲಿ ಒಂದು ಚೆಂದದ ವಿನಾಯಿತಿ ಉಂಟು. ಸ್ವಿಟ್ಜರ್ಲೆಂಡಿನ ಬೀಲ್ ನಗರದ ಹತ್ತಿರದ ಕಲ್ಲಿನ ಕ್ವಾರಿಯಲ್ಲಿ ಇ-ಡಂಪರ್ ಎಂಬ ದೈತ್ಯ ಎಲೆಕ್ಟ್ರಿಕ್ ಲಾರಿ ಇದೆ. ಗುಡ್ಡದ ಮೇಲೆ ಸುಮಾರು 65 ಟನ್ ಕಲ್ಲು ತುಂಬಿಕೊಂಡು ಕೆಳಗಿಳಿಯುತ್ತದೆ, ಖಾಲಿಯಾಗಿ ಹತ್ತುತ್ತದೆ. ಇಳಿಯುವಾಗ ಸಿಗುವ ಕರೆಂಟ್ ಹತ್ತುವುದಕ್ಕೆ ಸಾಕಾಗಿ ಮಿಗುವುದೂ ಉಂಟು. ಇದು ಪವಾಡವಾ? ಅಲ್ಲ. ಪ್ರತಿ ಟ್ರಿಪ್‌ನಲ್ಲೂ ಗುಡ್ಡದ ಎತ್ತರದಲ್ಲಿದ್ದ ಕಲ್ಲು ಕೆಳಗೆ ಬರುತ್ತಿದೆ. ಗುಂಡು ತುಂಬಿದ್ದು ಆ ಗುಡ್ಡ. ಕಲ್ಲು ಮುಗಿದ ದಿನ ಲಾರಿಗೂ ಪ್ಲಗ್ ಹಾಕಬೇಕು.

'ಕಂಪೆನಿಗಳು ಅಡಗಿಸಿಟ್ಟಿವೆ' ಎಂಬ ಮಾತು

ಇಷ್ಟು ಹೇಳಿದರೂ ಒಬ್ಬರಾದರೂ ಹೇಳುತ್ತಾರೆ: 'ಕಾಕ, ನಿಮಗೆ ಗೊತ್ತಿಲ್ಲ. ಪೆಟ್ರೋಲ್ ಕಂಪೆನಿಗಳು ಇದನ್ನು ಹೊರಗೆ ಬಿಡುವುದಿಲ್ಲ.' ಸ್ವಲ್ಪ ಯೋಚಿಸಿ. ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಚೀನಾವೂ ಬಹುಪಾಲು ತೈಲ ಆಮದು ಮಾಡುತ್ತದೆ. ಇಂತಹ ಯಂತ್ರ ನಿಜವಾಗಿದ್ದರೆ ಅದನ್ನು ಅಡಗಿಸುವುದಲ್ಲ, ಕಂಡುಹಿಡಿದವನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದರು.

ಹಣ ಕೊಡುವ ಮೊದಲು

ಯಾರಾದರೂ ಇಂತಹ ಕಾರು, ಸ್ಕೂಟರ್, ಜನರೇಟರ್ ಅಥವಾ ಡೀಲರ್‌ಶಿಪ್ ಹಿಡಿದುಕೊಂಡು ಬಂದರೆ ಜಗಳ ಬೇಡ. ಚಹಾ ಕೊಟ್ಟು ಕೂರಿಸಿ, ಈ ಪ್ರಶ್ನೆಗಳನ್ನು ಕೇಳಿ.

ಒಂದು, ಶಕ್ತಿ ಎಲ್ಲಿಂದ ಬರುತ್ತದೆ? 'ಅದು ಸೀಕ್ರೆಟ್' ಎಂಬುದು ಉತ್ತರವಲ್ಲ.

ಎರಡು, ಬ್ಯಾಟರಿ ತೆಗೆದಿಟ್ಟು, ನಾವು ಹೇಳಿದ ಜಾಗದಲ್ಲಿ, ಬೀಗ ಹಾಕಿದ ಕೋಣೆಯಲ್ಲಿ ತಿಂಗಳಿಡೀ ಓಡುತ್ತದಾ? ಐದು ನಿಮಿಷದ ವೀಡಿಯೊಗೆ ಒಳಗೆ ಅಡಗಿಸಿಟ್ಟ ಸಣ್ಣ ಬ್ಯಾಟರಿಯೇ ಸಾಕು.

ಮೂರು, ಪೇಟೆಂಟ್ ಸಿಕ್ಕಿದೆಯಾ, ಅರ್ಜಿ ಮಾತ್ರ ಹಾಕಿದ್ದಾ? ಅರ್ಜಿ ಯಾರು ಬೇಕಾದರೂ ಹಾಕಬಹುದು. ಪ್ರಕೃತಿ ನಿಯಮಕ್ಕೆ ಸ್ಪಷ್ಟವಾಗಿ ವಿರುದ್ಧವಾದದ್ದು ಆವಿಷ್ಕಾರವೇ ಅಲ್ಲ ಎಂದು ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಎ) ಸೆಕ್ಷನ್ ಹೇಳುತ್ತದೆ.

ನಾಲ್ಕು, ಪುಣೆಯ ಎಆರ್‌ಎಐಯಂತಹ ಮಾನ್ಯ ಸಂಸ್ಥೆಯ ಪ್ರಮಾಣಪತ್ರ ಉಂಟಾ? ಆರ್‌ಟಿಒ ನೋಂದಣಿ ಆಗುತ್ತದಾ? ಇದ್ದ ಗಾಡಿಗೆ ಅನುಮತಿಯಿಲ್ಲದೆ ಕಿಟ್ ಕಟ್ಟಿಸಿ ಮೂಲ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕುತ್ತದೆ. ನಾಳೆ ಅಪಘಾತವೋ ಬ್ಯಾಟರಿಗೆ ಬೆಂಕಿಯೋ ಆದರೆ ಇನ್ಶೂರೆನ್ಸ್ ಹಣ ಸಿಗುವುದೂ ಕಷ್ಟ.

ಐದು, ಇದು ಎಲ್ಲಕ್ಕಿಂತ ದೊಡ್ಡದು. ಹಾಕಿದ್ದಕ್ಕಿಂತ ಹೆಚ್ಚು ಕರೆಂಟ್ ಕೊಡುವ ಯಂತ್ರ ನಿನ್ನ ಹತ್ತಿರ ಇದ್ದರೆ ನನ್ನ ಮೂರು ಲಕ್ಷ ನಿನಗೆ ಯಾಕೆ? ಒಂದು ಶೆಡ್ಡಿನಲ್ಲಿ ಹತ್ತು ಯಂತ್ರ ಇಟ್ಟು ಮೆಸ್ಕಾಂಗೇ ಕರೆಂಟ್ ಮಾರಬಹುದಲ್ಲ?

2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಮುಸ್ಲಿಂ ಕುಟುಂಬಗಳ ಉಳಿತಾಯ ಸಿಕ್ಕಿಹಾಕಿಕೊಂಡಿತು. ಅಲ್ಲಿ ಕಾರು ಇರಲಿಲ್ಲ, ಆದರೆ ಕೇಳದೆ ಉಳಿದ ಪ್ರಶ್ನೆ ಇದೇ. ತಿಂಗಳು ತಿಂಗಳು ಕೊಡುವ ಲಾಭ ಎಲ್ಲಿಂದ ಬರುತ್ತದೆ? ಪರಿಚಯದವರು ಹೇಳಿದರು, ನಮ್ಮವರೇ ಇದ್ದಾರೆ ಎಂಬ ಭರವಸೆ ಲೆಕ್ಕದ ಪುಸ್ತಕದ ಜಾಗದಲ್ಲಿ ಬಂದು ಕೂತಿತು.

ನಿಜವಾಗಿ ಪುಕ್ಕಟೆ ಸುರಿಯುವುದು

ಕಾರಿಗೆ ಹೊರಗಿನಿಂದ ಶಕ್ತಿ ಬೇಕೇ ಬೇಕು ಎಂದಾದರೆ ಪುಕ್ಕಟೆ ಸಿಗುವ ಶಕ್ತಿ ಇಲ್ಲವೇ ಇಲ್ಲವಾ? ಉಂಟು, ತಲೆಯ ಮೇಲೆಯೇ ಉಂಟು. ಆದರೆ ಅದಕ್ಕೂ ಲೆಕ್ಕ ಇದೆ. ಕಾರಿನ ಮಾಡಿನ ಮೇಲೆ ಹೆಚ್ಚೆಂದರೆ ಎರಡು ಚದರ ಮೀಟರ್ ಸೋಲಾರ್ ಹಾಕಬಹುದು. ಒಳ್ಳೆಯ ಬಿಸಿಲಿನ ದಿನ ಒಂದೂವರೆಯಿಂದ ಎರಡು ಯುನಿಟ್ ಸಿಗುತ್ತದೆ, ಅಂದರೆ ಹತ್ತು-ಹದಿನಾಲ್ಕು ಕಿಲೋಮೀಟರ್. ಪುಣೆಯ ವೈವೆ ಕಂಪೆನಿ 2025ರ ಜನವರಿಯಲ್ಲಿ ಬಿಡುಗಡೆ ಮಾಡಿದ ಈವಾ ಎಂಬ ಸಣ್ಣ ಕಾರಿನ ಸೋಲಾರ್ ಬಗ್ಗೆ ಕಂಪೆನಿಯೇ ಹೇಳಿಕೊಂಡದ್ದು ದಿನಕ್ಕೆ ಸುಮಾರು 10 ಕಿಲೋಮೀಟರ್. ಉಳಿದದ್ದಕ್ಕೆ ಅದಕ್ಕೂ ಪ್ಲಗ್ ಬೇಕು. ಹೀಗೆ ಇತಿಮಿತಿ ಹೇಳುವ ಜಾಹೀರಾತನ್ನು ನಂಬಲು ಕಾರಣ ಇರುತ್ತದೆ.

ಕಾರಿನ ಮಾಡಿಗಿಂತ ಮನೆಯ ಮಾಡು ದೊಡ್ಡದು. ಮನೆಯ ಮೇಲೆ ಮೂರು ಕಿಲೋವ್ಯಾಟ್ ಸೋಲಾರ್ ಹಾಕಿದರೆ ಬಿಸಿಲಿನ ತಿಂಗಳುಗಳಲ್ಲಿ ದಿನಕ್ಕೆ ಹತ್ತು-ಹನ್ನೆರಡು ಯುನಿಟ್ ಬರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದು ಬಹಳ ಇಳಿಯುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಎಲೆಕ್ಟ್ರಿಕ್ ಕಾರಿಗೆ ಬೇಕಾದದ್ದು ಸುಮಾರು 140 ಯುನಿಟ್. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಘಟಕಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಪ್ಯಾನೆಲ್‌ಗೆ ಹಣ ಬೇಕು, ಇನ್‌ವರ್ಟರ್ ಹಳತಾಗುತ್ತದೆ, ಧೂಳು ಒರೆಸಬೇಕು. ಆದರೂ ಅದು ಕಣ್ಣಿಗೆ ಕಾಣುವ ವ್ಯಾಪಾರ. ಇಲ್ಲಿ ಗುಂಡು ತುಂಬುವುದು ಸೂರ್ಯ, ಅದಕ್ಕೆ ಬಿಲ್ ಇಲ್ಲ.

ಮಕ್ಕಳು ಇಂತಹ ವೀಡಿಯೊ ತೋರಿಸಿದಾಗ 'ಹೋಗೋ, ಎಲ್ಲ ಸುಳ್ಳು' ಎಂದು ಬೈಯುವುದು ಬೇಡ. 'ಇದಕ್ಕೆ ಗುಂಡು ತುಂಬುವವರು ಯಾರು, ಹುಡುಕು ನೋಡುವ' ಎನ್ನಿ. ಎರಡು ಸಲ ಹುಡುಕಿ ಕಲಿತ ಹುಡುಗ ಮುಂದೆ ಕಾರಿನಲ್ಲೂ ಮೋಸಹೋಗುವುದಿಲ್ಲ, ಚಿಟ್ ಫಂಡಿನಲ್ಲೂ ಮೋಸಹೋಗುವುದಿಲ್ಲ.